ಬಲಿ, ಬಿಡುಗಡೆ, ರಕ್ಷಣೆ: ಬೈಬಲಿನಲ್ಲಿ ಈ ಎಳೆ ಹಿಡಿದು ಓದುವುದು ಹೇಗೆ

ದೀಕ್ಷಾಸ್ನಾನಕ್ಕೆ ಸಿದ್ಧರಾಗುವ ದೊಡ್ಡವರಿಗೆ ಪಾಠ ಹೇಳುವುದು ನಮ್ಮ ಸಭೆಯಲ್ಲಿ ನನ್ನ ಪಾಲಿನ ಕೆಲಸ. ಬರುವವರಲ್ಲಿ ಹೆಚ್ಚಿನವರಿಗೆ ಒಂದು ಮಾತು ಆಗಲೇ ಬಾಯಿಗೆ ಬಂದಿರುತ್ತದೆ: ಯೇಸು ನಮ್ಮ ಪಾಪಗಳಿಗಾಗಿ ಸತ್ತನು. ಹಾಗಂದ್ರೆ ಏನು ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಒಬ್ಬನ ಸಾವು ಇನ್ನೊಬ್ಬನ ತಪ್ಪಿಗೆ ಪರಿಹಾರ ಆಗುವುದು ಹೇಗೆ? ದೇವರಿಗೆ ರಕ್ತ ಯಾಕೆ ಬೇಕು? ಸುಮ್ನೆ ಕ್ಷಮಿಸಿಬಿಡಬಹುದಿತ್ತು ಅಲ್ವಾ? ಹೀಗೆ ಕೇಳುವವರನ್ನು ಕಂಡರೆ ನನಗೆ ಖುಷಿ. ಏನೂ ಕೇಳದೆ ತಲೆಯಾಡಿಸುವವರ ಬಗ್ಗೆಯೇ ಜಾಸ್ತಿ ಚಿಂತೆ.

ಇದಕ್ಕೆ ನಾನು ಭಾಷಣ ಮಾಡುವುದಿಲ್ಲ, ಓದಿಸುತ್ತೇನೆ. ನೀವು ಮನೆಯಲ್ಲಿ ಒಬ್ಬರೇ ಕೂತು ಓದಬಹುದು, ಇಬ್ಬರು ಮೂವರು ಸೇರಿಯೂ ಓದಬಹುದು. ಒಂದು ಬೈಬಲು, ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಪುಟದ ಮೇಲೆ ಮೂರು ಕಾಲಂ ಹಾಕಿ. ಕೊಡುವವರು ಯಾರು? ಏನು ಕೊಡುತ್ತಾರೆ? ಬಿಡುಗಡೆ ಯಾರಿಗೆ? ಒಂದೊಂದು ಭಾಗ ಓದಿದ ಮೇಲೂ ಇವನ್ನು ತುಂಬಿಸಿ. ಮೊದಲನೇ ಕಾಲಂ ಮೇಲೆ ಕಣ್ಣಿಟ್ಟಿರಿ. ನಾನು ಹೇಳಬೇಕಾದ್ದೆಲ್ಲ ಅದರಲ್ಲೇ ಇದೆ.

ಶಿಲುಬೆಯಿಂದ ಶುರು ಮಾಡಬೇಡಿ

ಯೇಸುವಿನ ಶಿಷ್ಯರೆಲ್ಲ ಯೆಹೂದ್ಯರು. ಶಿಲುಬೆಯ ಮೇಲೆ ನಡೆದದ್ದನ್ನು ಹೇಳಲು ಅವರು ತಮಗೆ ಗೊತ್ತಿದ್ದ ಕಥೆಯ ಮಾತುಗಳನ್ನೇ ಬಳಸಿದರು: ಕುರಿಮರಿ, ರಕ್ತ, ಒಡಂಬಡಿಕೆ, ಬಿಡುಗಡೆ. ಆ ಕಥೆ ಗೊತ್ತಿಲ್ಲದೆ ನೇರವಾಗಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರ ತೆರೆದರೆ ತಲೆಬುಡ ತಿಳಿಯುವುದಿಲ್ಲ. ಹಾಗಾಗಿ ಮೊದಲು ವಿಮೋಚನಕಾಂಡ.

2ನೇ ಅಧ್ಯಾಯದ ಕೊನೆಯ ಮೂರು ವಚನ ಓದಿ. ಇಸ್ರಾಯೇಲ್ಯರು ಐಗುಪ್ತದಲ್ಲಿ ಗುಲಾಮರು. ನರಳುತ್ತಿದ್ದಾರೆ. ದೇವರು ಆ ನರಳಾಟ ಕೇಳಿದನು, ನೋಡಿದನು. ಅವರು ಯಾವ ಬಲಿಯನ್ನೂ ಕೊಟ್ಟಿಲ್ಲ, ಹರಕೆ ಹೊತ್ತಿಲ್ಲ, ಒಳ್ಳೆಯವರಾಗುತ್ತೇವೆ ಅಂತ ಮಾತೂ ಕೊಟ್ಟಿಲ್ಲ. ಆಮೇಲೆ 6ನೇ ಅಧ್ಯಾಯದ 6ನೇ ವಚನ: ನಾನೇ ನಿಮ್ಮನ್ನು ಬಿಡಿಸುತ್ತೇನೆ ಅನ್ನುತ್ತಾನೆ. ಮೊದಲನೇ ಕಾಲಂನಲ್ಲಿ ಏನು ಬರೆಯಬೇಕು ಅಂತ ಇಲ್ಲೇ ಗೊತ್ತಾಗುತ್ತದೆ.

ಮುಂದಿನದು 12ನೇ ಅಧ್ಯಾಯ, ಪಸ್ಕದ ರಾತ್ರಿ. ಐಗುಪ್ತದ ಚೊಚ್ಚಲ ಮಕ್ಕಳು ಸಾಯುವ ಆ ರಾತ್ರಿ, ಬಾಗಿಲಿಗೆ ರಕ್ತ ಹಚ್ಚಿದ ಮನೆಯನ್ನು ದೇವರು ದಾಟಿ ಹೋಗುತ್ತಾನೆ. ಇದನ್ನು ನಿಧಾನವಾಗಿ ಓದಿ. ಒಂದು ವರ್ಷದ, ಕುಂದಿಲ್ಲದ ಗಂಡು ಮರಿ. ಕುರಿಯಾದರೂ ಸರಿ, ಮೇಕೆಯಾದರೂ ಸರಿ. ತಿಂಗಳ 10ನೇ ದಿನ ಅದನ್ನು ಆರಿಸಿ 14ರವರೆಗೆ ಇಟ್ಟುಕೊಳ್ಳಬೇಕು. ಸಂಜೆ ಕೊಯ್ದು ಅದರ ರಕ್ತವನ್ನು ಬಾಗಿಲಿನ ಎರಡು ನಿಲುವುಗಳಿಗೂ ಮೇಲಿನ ಪಟ್ಟಿಗೂ ಹಚ್ಚಬೇಕು. ಮನೆಯಲ್ಲಿ ಜನ ಕಡಿಮೆ ಇದ್ದರೆ ನೆರೆಮನೆಯವರ ಜೊತೆ ಸೇರಿ ಒಂದು ಮರಿ ತರಬಹುದು. ಸೊಂಟ ಕಟ್ಟಿ, ಚಪ್ಪಲಿ ಮೆಟ್ಟಿ, ಕೋಲು ಕೈಯಲ್ಲಿ ಹಿಡಿದು ಅವಸರದಲ್ಲಿ ಊಟ. ಅಂದರೆ ಹೊರಡಲು ತಯಾರಾಗಿ ಕೂತು ಉಣ್ಣುವ ಊಟ.

ಇಲ್ಲಿ ನಾನು ಓದುವವರನ್ನು ತಡೆದು ಒಂದು ಪ್ರಶ್ನೆ ಕೇಳುತ್ತೇನೆ. ಒಂದು ಮನೆಯಲ್ಲಿ ಧೈರ್ಯವಾಗಿ ಕೂತವರಿದ್ದಾರೆ. ಪಕ್ಕದ ಮನೆಯಲ್ಲಿ ರಾತ್ರಿಯೆಲ್ಲ ಗಡಗಡ ನಡುಗುತ್ತಾ ಕೂತವರಿದ್ದಾರೆ. ಎರಡೂ ಬಾಗಿಲಿಗೆ ರಕ್ತ ಹಚ್ಚಿದೆ. ಯಾವ ಮನೆಯವರು ಜಾಸ್ತಿ ಸುರಕ್ಷಿತ? ಉತ್ತರ ಎಲ್ಲರಿಗೂ ತಕ್ಷಣ ಹೊಳೆಯುತ್ತದೆ. ನಂಬಿಕೆಯ ವಿಷಯಕ್ಕೆ ಬಂದಾಗ ಈ ಉತ್ತರ ಮತ್ತೆ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಈ ಪುಸ್ತಕ ಬಿಡುವ ಮುಂಚೆ ಅಧ್ಯಾಯಗಳ ಕ್ರಮ ನೋಡಿ. ಐಗುಪ್ತದಿಂದ ಹೊರಟದ್ದು 12ರಲ್ಲಿ. ಸಮುದ್ರ ದಾಟಿದ್ದು 14ರಲ್ಲಿ. ಹತ್ತು ಆಜ್ಞೆಗಳು ಬಂದದ್ದು 20ರಲ್ಲಿ. ಆಜ್ಞೆಗಳ ಮುಂಚಿನ ಸಾಲು ಕೂಡ ನಿಮ್ಮನ್ನು ಐಗುಪ್ತದಿಂದ ಹೊರಗೆ ತಂದವನು ನಾನು ಅಂತಲೇ ಹೇಳುತ್ತದೆ. ಬಿಡುಗಡೆ ಮೊದಲು, ಬಾಳುವ ರೀತಿ ಆಮೇಲೆ. ಈ ಕ್ರಮ ತಿರುಗಿಸಿ ಓದಿದವರು ಮುಂದೆ ಪೌಲನ ಪತ್ರಗಳಲ್ಲೂ ಹಾಗೇ ತಿರುಗಿಸಿ ಓದುತ್ತಾರೆ.

ಬಿಡಿಸುವ ಬಂಧು

ವಿಮೋಚನೆ ಅನ್ನುವುದು ಬೈಬಲಿನ ಕಾಲದಲ್ಲಿ ದಿನಬಳಕೆಯ ವ್ಯವಹಾರ. ಯಾಜಕಕಾಂಡ 25 ನೋಡಿ. ಬಡತನದಿಂದ ಯಾರಾದರೂ ಹೊಲ ಮಾರಿದರೆ, ಕೊನೆಗೆ ತನ್ನನ್ನೇ ಮಾರಿಕೊಂಡರೆ, ಹತ್ತಿರದ ಬಂಧು ಬೆಲೆ ಕೊಟ್ಟು ಬಿಡಿಸಿಕೊಳ್ಳಬಹುದಿತ್ತು. ಹಣ ಇದ್ದವರೆಲ್ಲ ಈ ಕೆಲಸಕ್ಕೆ ಆಗುತ್ತಿರಲಿಲ್ಲ. ರಕ್ತಸಂಬಂಧ ಬೇಕಿತ್ತು.

ಇದನ್ನು ಕಥೆಯಾಗಿ ನೋಡಬೇಕಾದರೆ ರೂತಳು ಪುಸ್ತಕದ 4ನೇ ಅಧ್ಯಾಯ ಓದಿ. ರೂತಳ ಸತ್ತ ಗಂಡನ ಮನೆಯ ಹೊಲ ಬಿಡಿಸಲು ಬೋವಜ ಅನ್ನುವ ಬಂಧು ಮುಂದಾದ. ಆದರೆ ಅವನಿಗಿಂತ ಹತ್ತಿರದ ಬಂಧು ಇನ್ನೊಬ್ಬ ಇದ್ದ. ಹೊಲ ಅಂದಾಗ ಬಿಡಿಸುತ್ತೇನೆ ಅಂದ. ಹೊಲದ ಜೊತೆ ಮೋವಾಬಿನ ವಿಧವೆ ರೂತಳೂ ಬರುತ್ತಾಳೆ ಅಂದ ಕೂಡಲೇ, ನನ್ನ ಸ್ವಂತ ಆಸ್ತಿಗೆ ನಷ್ಟವಾಗುತ್ತೆ ಅಂತ ಹಿಂದೆ ಸರಿದ. ಮಾತು ಖಾಯಂ ಆಗಲು ಚಪ್ಪಲಿ ಬಿಚ್ಚಿ ಕೊಟ್ಟ. ಅವನ ಹೆಸರೂ ಕಥೆಯಲ್ಲಿ ಉಳಿದಿಲ್ಲ. ಬೋವಜ ಆ ನಷ್ಟ ತನ್ನ ಮೇಲೆ ಹಾಕಿಕೊಂಡ. ದೇವಕುಮಾರ ಮನುಷ್ಯನಾಗಿ ಯಾಕೆ ಹುಟ್ಟಬೇಕಿತ್ತು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಈ ಅಧ್ಯಾಯ ಓದಿಸಿ, ಆಮೇಲೆ ಇಬ್ರಿಯರಿಗೆ ಬರೆದ ಪತ್ರದ 2ನೇ ಅಧ್ಯಾಯಕ್ಕೆ ಹೋಗುತ್ತೇನೆ. ನಮ್ಮ ರಕ್ತಮಾಂಸದಲ್ಲಿ ಅವನೂ ಪಾಲುಗಾರನಾದನು ಅನ್ನುವ ಮಾತು ಅಲ್ಲಿದೆ.

ಹೋಶೇಯ 3ನೇ ಅಧ್ಯಾಯವನ್ನೂ ಓದಿ, ಐದೇ ವಚನ. ಬಿಟ್ಟುಹೋದ ಹೆಂಡತಿಗಾಗಿ ಪ್ರವಾದಿ 15 ಬೆಳ್ಳಿ ನಾಣ್ಯವನ್ನೂ ಜವೆಗೋಧಿಯನ್ನೂ ಅಳೆದು ಕೊಡುತ್ತಾನೆ. ಇದಕ್ಕೆ ನಾನು ವಿವರಣೆ ಕೊಡುವುದಿಲ್ಲ.

ಯಾಜಕಕಾಂಡಕ್ಕೆ ಹೆದರಬೇಡಿ

ಬೈಬಲನ್ನು ಮೊದಲಿಂದ ಕೊನೆಯವರೆಗೆ ಓದುತ್ತೇನೆ ಅಂತ ಹೊರಟವರು ಸಾಮಾನ್ಯವಾಗಿ ಕೈ ಚೆಲ್ಲುವುದು ಇಲ್ಲೇ. ಇಡೀ ಪುಸ್ತಕ ಈಗ ಬೇಡ. 1, 5, 16ನೇ ಅಧ್ಯಾಯಗಳು, ಆಮೇಲೆ 17ರ 11ನೇ ವಚನ.

ಮೊದಲನೇ ಅಧ್ಯಾಯದಲ್ಲಿ ಕೈಗಳನ್ನು ಗಮನಿಸಿ. ಪ್ರಾಣಿಯನ್ನು ತಂದವನು ಅದರ ತಲೆಯ ಮೇಲೆ ತಾನೇ ಕೈ ಇಡಬೇಕು. ಹೋರಿಯಾದರೆ ಅವನೇ ಕೊಯ್ಯಬೇಕು. ಯಾಜಕ ರಕ್ತವನ್ನು ಯಜ್ಞವೇದಿಗೆ ಎರಚುತ್ತಾನೆ. ದೂರದಲ್ಲಿ ನಿಂತು ಕಾಣಿಕೆ ಹಾಕಿ ಹೋಗುವ ದಾರಿ ಇಲ್ಲಿಲ್ಲ. ಪಾಪ ಅನ್ನುವುದು ಪ್ರಾಣದ ಮಟ್ಟದ ವಿಷಯ ಅಂತ ಕೈಗೆ, ಮೂಗಿಗೆ ತಿಳಿಯುವ ಹಾಗೆ ಇದೆ.

5ನೇ ಅಧ್ಯಾಯ ನನಗೆ ತುಂಬಾ ಇಷ್ಟ. ಕುರಿ ತರಲು ಶಕ್ತಿ ಇಲ್ಲದವನು ಎರಡು ಬೆಳವಕ್ಕಿಯನ್ನೋ ಎರಡು ಪಾರಿವಾಳದ ಮರಿಗಳನ್ನೋ ತರಬಹುದು. ಅದೂ ಆಗದವನು ಏಫಾ ಅಳತೆಯ ಹತ್ತನೇ ಒಂದು ಪಾಲು ಹಿಟ್ಟು ತಂದರೆ ಸಾಕು, ಎಣ್ಣೆ, ಧೂಪ ಏನೂ ಬೇಡ. ಅವನಿಗೂ ಅದೇ ಕ್ಷಮೆ. ಹಿಟ್ಟು ತಂದವನ ಕ್ಷಮೆ ಕುರಿ ತಂದವನ ಕ್ಷಮೆಗಿಂತ ಒಂದು ಗುಂಜಿಯೂ ಕಡಿಮೆಯಲ್ಲ. ಇದು ಬೆಲೆ ಕಟ್ಟಿ ಕೊಂಡುಕೊಳ್ಳುವ ವ್ಯಾಪಾರವಾಗಿದ್ದರೆ ಹೀಗೆ ಇರಲು ಸಾಧ್ಯವೇ ಇರಲಿಲ್ಲ. ಇದೇ ಗಳಿಗೆಯಲ್ಲಿ ಲೂಕ 2:24 ತೆರೆದು ನೋಡಿ. ಮಗು ಯೇಸುವನ್ನು ದೇವಾಲಯಕ್ಕೆ ತಂದಾಗ ಮರಿಯಳೂ ಯೋಸೇಫನೂ ಕೊಟ್ಟದ್ದು ಹಕ್ಕಿಗಳ ಜೋಡಿ. ಹೆರಿಗೆಯ ನಂತರದ ಆ ಕಾಣಿಕೆಗೂ ಬಡವರಿಗೆ ಇದೇ ರಿಯಾಯಿತಿ ಇತ್ತು. ಕುರಿಮರಿಗೆ ಅವರ ಹತ್ತಿರ ಹಣ ಇರಲಿಲ್ಲ.

16ನೇ ಅಧ್ಯಾಯ ವರ್ಷಕ್ಕೊಮ್ಮೆ ಬರುವ ದೋಷಪರಿಹಾರಕ ದಿನ, ಏಳನೇ ತಿಂಗಳ 10ನೇ ತಾರೀಖು. ಮಹಾಯಾಜಕ ಮೊದಲು ತನ್ನ ಮತ್ತು ತನ್ನ ಮನೆಯವರ ಪಾಪಕ್ಕಾಗಿ ಹೋರಿ ಕೊಡಬೇಕು. ಅವನೂ ನಮ್ಮ ಹಾಗೇ. ಆಮೇಲೆ ಎರಡು ಹೋತಗಳು. ಚೀಟಿ ಹಾಕಿ ಒಂದನ್ನು ಬಲಿಗೆ ಆರಿಸುತ್ತಾರೆ, ಅದರ ರಕ್ತ ಪರದೆಯ ಒಳಗಿನ ಮಹಾಪವಿತ್ರಸ್ಥಾನಕ್ಕೆ ಹೋಗುತ್ತದೆ. ಇನ್ನೊಂದರ ತಲೆಯ ಮೇಲೆ ಅವನು ಎರಡೂ ಕೈ ಇಟ್ಟು ಜನರ ಪಾಪಗಳನ್ನೆಲ್ಲ ಹೇಳುತ್ತಾನೆ. ಅದನ್ನು ಜೀವಂತವಾಗಿ ಕಾಡಿಗೆ ಅಟ್ಟುತ್ತಾರೆ. ಒಂದು ಹೋತ ಸಾಯುತ್ತದೆ, ಒಂದು ಹೊತ್ತುಕೊಂಡು ಹೋಗುತ್ತದೆ. ಯೇಸುವಿನ ಸಾವಿನ ಬಗ್ಗೆ ಕ್ರೈಸ್ತರು ಹೇಳುವ ಎರಡು ಮಾತುಗಳು, ಪಾಪಕ್ಕೆ ಪರಿಹಾರವಾಯಿತು, ಪಾಪ ನಮ್ಮಿಂದ ದೂರ ಹೋಯಿತು ಅನ್ನುವವು, ಈ ಎರಡು ಹೋತಗಳನ್ನು ನೋಡಿದವರಿಗೆ ಒಂದೇ ಮಾತಿನ ಪುನರಾವರ್ತನೆ ಅನ್ನಿಸುವುದಿಲ್ಲ.

ಈಗ 17:11. ಪ್ರಾಣ ರಕ್ತದಲ್ಲಿದೆ, ನಿಮ್ಮ ದೋಷಪರಿಹಾರಕ್ಕಾಗಿ ಯಜ್ಞವೇದಿಯ ಮೇಲೆ ಅದನ್ನು ನಾನೇ ನಿಮಗೆ ಕೊಟ್ಟಿದ್ದೇನೆ ಅನ್ನುತ್ತಾನೆ ದೇವರು. ಮೊದಲನೇ ಕಾಲಂನಲ್ಲಿ ಇಷ್ಟು ಹೊತ್ತು ‘ಮನುಷ್ಯ’ ಅಂತ ಬರೆದಿದ್ದರೆ ಈಗ ಅಳಿಸಿ. ಪೆನ್ಸಿಲ್ ತನ್ನಿ ಅಂದದ್ದು ಇದಕ್ಕೇ. ಸಿಟ್ಟಾದ ದೇವರನ್ನು ಒಲಿಸಲು ಮನುಷ್ಯ ಕೊಡುವ ಲಂಚ ಬಲಿ ಅನ್ನುವ ಕಲ್ಪನೆಗೆ ಈ ಪುಸ್ತಕದಲ್ಲಿ ಜಾಗ ಇಲ್ಲ. ಹತ್ತಿರ ಬರುವ ದಾರಿಯನ್ನು ದೇವರೇ ಕೊಟ್ಟಿದ್ದಾನೆ. ಜನ ಇದನ್ನು ಮರೆತು ಲಂಚದ ಹಾಗೆ ಬಳಸಿದಾಗಲೇ ಪ್ರವಾದಿಗಳು ಬೈದದ್ದು. ಯೆಶಾಯ 1, ಮೀಕ 6:6-8, ಹೋಶೇಯ 6:6 ಮೂರನ್ನೂ ಒಟ್ಟಿಗೆ ಓದಿ. ಹೋಶೇಯನ ಆ ಮಾತನ್ನು ಮತ್ತಾಯನ ಸುವಾರ್ತೆಯಲ್ಲಿ ಯೇಸು ಎರಡು ಕಡೆ ಎತ್ತಿ ಹೇಳುತ್ತಾನೆ: ನನಗೆ ಕರುಣೆ ಬೇಕು, ಯಜ್ಞ ಬೇಡ.

ಆದಿಕಾಂಡ 22, ಅಬ್ರಹಾಮ ಇಸಾಕನನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವ ಭಾಗ. ಇದನ್ನು ಬೇಕೆಂದೇ ಇಲ್ಲಿಯವರೆಗೆ ತಡೆದಿಟ್ಟಿದ್ದೇನೆ. ಮೊದಲೇ ಓದಿದರೆ ಭಯ ಮಾತ್ರ ಉಳಿಯುತ್ತದೆ. ಕುರಿ ಎಲ್ಲಿ ಅಪ್ಪಾ ಅಂತ ಮಗ ಕೇಳುತ್ತಾನೆ. ದೇವರೇ ಒದಗಿಸುವನು ಅಂತ ಅಪ್ಪ. ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರು ಕಾಣುತ್ತದೆ. ಕಾಲಂ ತುಂಬಿಸಿ. ಈ ಅಧ್ಯಾಯದ ಕಷ್ಟ ಇಷ್ಟಕ್ಕೇ ಕರಗಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಚಿಕ್ಕ ಮಕ್ಕಳಿಗೆ ಇದನ್ನು ಬೇಗ ಹೇಳಿಕೊಡುವುದು ನನಗೆ ಇಷ್ಟವೂ ಇಲ್ಲ.

ಸುವಾರ್ತೆಗೆ ಬಂದಾಗ

ನಡುವೆ ಒಂದು ಮೆಟ್ಟಿಲು: ಯೆಶಾಯ 53. ಕೊಯ್ಯುವ ಜಾಗಕ್ಕೆ ಹೋಗುವ ಕುರಿಯ ಹಾಗೆ ಬಾಯಿ ತೆರೆಯದ ಒಬ್ಬ ಸೇವಕ, ಇತರರ ದ್ರೋಹಗಳಿಗಾಗಿ ಗಾಯಗೊಂಡವನು. ಅಪೊಸ್ತಲರ ಕೃತ್ಯಗಳು 8ರಲ್ಲಿ ಇಥಿಯೋಪ್ಯದ ಅಧಿಕಾರಿಯೊಬ್ಬ ರಥದಲ್ಲಿ ಕೂತು ಇದನ್ನೇ ಓದುತ್ತಿದ್ದ. ಪ್ರವಾದಿ ಯಾರ ವಿಷಯ ಹೇಳುತ್ತಿದ್ದಾನೆ, ತನ್ನದೋ ಬೇರೆಯವನದೋ ಅಂತ, ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನನ್ನು ಕೇಳಿದ. ಸರಿಯಾದ ಪ್ರಶ್ನೆ. ಫಿಲಿಪ್ಪ ಆ ವಚನದಿಂದಲೇ ಶುರು ಮಾಡಿ ಯೇಸುವಿನ ವಿಷಯ ಹೇಳಿದ.

ಮಾರ್ಕ 10:35ರಿಂದ 45ರವರೆಗೆ ಓದಿ. ಶಿಷ್ಯರಾದ ಯಾಕೋಬ ಯೋಹಾನರು ಯೇಸುವಿನ ಎಡಬಲದ ಸೀಟು ಕೇಳುತ್ತಾರೆ. ಯೇಸು ತಾನು ಬಂದದ್ದು ಸೇವೆ ಮಾಡಿಸಿಕೊಳ್ಳಲು ಅಲ್ಲ, ಸೇವೆ ಮಾಡಲು, ಅನೇಕರ ಬಿಡುಗಡೆಗಾಗಿ ತನ್ನ ಪ್ರಾಣವನ್ನು ಈಡಾಗಿ, ಅಂದರೆ ಬಿಡಿಸುವ ಬೆಲೆಯಾಗಿ, ಕೊಡಲು ಅನ್ನುತ್ತಾನೆ. ಆಮೇಲೆ 14ನೇ ಅಧ್ಯಾಯದ ಪಸ್ಕದ ಊಟ, ಆಮೇಲೆ 15ನೇ ಅಧ್ಯಾಯದ ಸಾವು. ದೇವಾಲಯದ ಪರದೆ ಹರಿದದ್ದು ಮೇಲಿನಿಂದ ಕೆಳಗೆ. ಯಾಜಕಕಾಂಡ 16ನ್ನು ಓದಿ ಬಂದವರು ಇಲ್ಲಿ ಪೆನ್ಸಿಲ್ ಕೆಳಗಿಡುವುದನ್ನು ನಾನು ನೋಡಿದ್ದೇನೆ. ಓದದೆ ಬಂದವರು ಹಾಗೇ ಮುಂದಿನ ವಚನಕ್ಕೆ ಹೋಗುತ್ತಾರೆ.

ಇಬ್ರಿಯರಿಗೆ ಬರೆದ ಪತ್ರದಲ್ಲಿ 9, 10ನೇ ಅಧ್ಯಾಯ ಸಾಕು. ಯಾಜಕರು ದಿನಾ ನಿಂತುಕೊಂಡು ಅದೇ ಯಜ್ಞಗಳನ್ನು ಮತ್ತೆ ಮತ್ತೆ ಮಾಡುತ್ತಾರೆ, ಇವನಾದರೋ ಒಂದೇ ಯಜ್ಞ ಕೊಟ್ಟು ಕೂತುಕೊಂಡನು ಅಂತ ಅಲ್ಲಿದೆ. ಕೆಲಸ ಮುಗಿದವನು ಕೂರುತ್ತಾನೆ. ಯೋಹಾನ 19:30ರಲ್ಲಿ ಶಿಲುಬೆಯ ಮೇಲೆ ಅವನು ಹೇಳಿದ ‘ತೀರಿತು’ ಅನ್ನುವುದನ್ನು ಇದರ ಪಕ್ಕ ಬರೆದುಕೊಳ್ಳಿ. ಯೆರೂಸಲೇಮಿನ ದೇವಾಲಯವನ್ನು ರೋಮನ್ ಸೈನ್ಯ ಕ್ರಿ.ಶ. 70ರಲ್ಲಿ ಕೆಡವಿತು, ಅಲ್ಲಿನ ಬಲಿಗಳೂ ನಿಂತವು. ಆದರೆ ಮತ್ತೆ ಬಲಿ ಬೇಡ ಅಂತ ಕ್ರೈಸ್ತರು ಹೇಳುವುದು ಕಟ್ಟಡ ಬಿದ್ದದ್ದರಿಂದಲ್ಲ, ಈ ಒಂದು ಯಜ್ಞದಿಂದ.

ಒಂದು ಕಥೆಯನ್ನು ಮಾತ್ರ ದಯವಿಟ್ಟು ಬಳಸಬೇಡಿ. ಪ್ರಸಂಗಗಳಲ್ಲಿ ಬಹಳ ಕೇಳಿಬರುತ್ತದೆ: ರೈಲು ಬರುತ್ತಿದೆ, ಸೇತುವೆ ಕೆಳಗಿಳಿಸಬೇಕು, ಯಂತ್ರದ ನಡುವೆ ಕಾವಲುಗಾರನ ಮಗ ಸಿಕ್ಕಿಕೊಂಡಿದ್ದಾನೆ, ಪ್ರಯಾಣಿಕರಿಗಾಗಿ ಅಪ್ಪ ಮಗನನ್ನೇ ಬಲಿಕೊಡುತ್ತಾನೆ. ಕೇಳಿದವರು ಅಳುತ್ತಾರೆ, ನಿಜ. ಆದರೆ ಈ ಕಥೆಯಲ್ಲಿ ಮಗನಿಗೆ ಏನೂ ಗೊತ್ತಿಲ್ಲ, ಅವನನ್ನು ಯಾರೂ ಕೇಳಿಲ್ಲ. ಯೋಹಾನ 10:18ರಲ್ಲಿ ಯೇಸು, ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಅನ್ನುತ್ತಾನೆ. 2 ಕೊರಿಂಥ 5:19ರಲ್ಲಿ ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಳ್ಳುತ್ತಿದ್ದನು ಅಂತ ಪೌಲ ಬರೆಯುತ್ತಾನೆ. ಸಿಟ್ಟಿನ ತಂದೆ ಒಂದು ಕಡೆ, ಸಾಧು ಮಗ ಇನ್ನೊಂದು ಕಡೆ ಅಂತ ಇಬ್ಬರನ್ನು ಬೇರೆ ಮಾಡಿದರೆ ಸುವಾರ್ತೆಯೇ ಕೆಟ್ಟು ಹೋಗುತ್ತದೆ. ಕೊಡುವ ದೇವರು ತನ್ನನ್ನೇ ಕೊಡುತ್ತಿದ್ದಾನೆ. ನಿಮ್ಮ ಮೊದಲನೇ ಕಾಲಂ ಮತ್ತು ಎರಡನೇ ಕಾಲಂ ಇಲ್ಲಿ ಒಂದೇ ಆಗುತ್ತವೆ.

ಈಡನ್ನು ಕೊಟ್ಟದ್ದು ಯಾರಿಗೆ?

ಗುಂಪಿನಲ್ಲಿ ಯಾರಾದರೂ ಇದನ್ನು ಕೇಳೇ ಕೇಳುತ್ತಾರೆ. ಸಭೆಯ ಇತಿಹಾಸದಲ್ಲಿ ಇದಕ್ಕೆ ಒಂದೇ ಉತ್ತರ ಇಲ್ಲ ಅಂತ ನೇರವಾಗಿ ಹೇಳಿಬಿಡಿ. ಮೂರನೇ ಶತಮಾನದ ಓರಿಗೆನ್, ಸೈತಾನನಿಗೆ ಅಂದ. ನಾಲ್ಕನೇ ಶತಮಾನದ ನಜಿಯಾಂಜಸ್‌ನ ಗ್ರೆಗೊರಿ, ಕಳ್ಳನಿಗೆ ಬೆಲೆ ಕೊಡುವುದೇ, ಛೀ ಅಂದ. ತಂದೆಗೆ ಅನ್ನುವುದೂ ಅವನಿಗೆ ಸರಿಬೀಳಲಿಲ್ಲ. 1098ರಲ್ಲಿ ಬರೆದು ಮುಗಿಸಿದ ಪುಸ್ತಕದಲ್ಲಿ ಕ್ಯಾಂಟರ್ಬರಿಯ ಅನ್ಸೆಲ್ಮ್, ಮನುಷ್ಯ ದೇವರಿಗೆ ಸಲ್ಲಿಸಬೇಕಾದ ಗೌರವದ ಸಾಲ ಬಾಕಿ ಇತ್ತು, ದೇವಮಾನವನೊಬ್ಬನೇ ಅದನ್ನು ತೀರಿಸಬಲ್ಲ ಅಂತ ವಾದಿಸಿದ. ಅವನ ನಂತರ ಬಂದ ಅಬೆಲಾರ್ಡ್, ಶಿಲುಬೆ ತೋರಿಸುವ ಪ್ರೀತಿಯೇ ನಮ್ಮನ್ನು ಬದಲಾಯಿಸುತ್ತದೆ ಅನ್ನುವುದಕ್ಕೆ ಒತ್ತು ಕೊಟ್ಟ. ನಮ್ಮ ಬದಲು ಶಿಕ್ಷೆ ಹೊತ್ತನು ಅನ್ನುವ ವಿವರಣೆಗೆ 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಣೆಯ ಕಾಲದವರು ಹೆಚ್ಚು ಬಲ ಕೊಟ್ಟರು. ಆರ್ಥಡಾಕ್ಸ್ ಸಭೆಗಳು ಸಾವನ್ನು ಸೋಲಿಸಿದ ಜಯವನ್ನು ಮುಂದಿಡುತ್ತವೆ.

325ರ ನೈಸಿಯ ಮತ್ತು 381ರ ಕಾನ್‌ಸ್ಟಾಂಟಿನೋಪಲ್ ಸಭಾಕೂಟಗಳ (ಸಭೆಯ ನಾಯಕರ ದೊಡ್ಡ ಸಮ್ಮೇಳನಗಳ) ಹೆಸರಿನ ವಿಶ್ವಾಸಪ್ರಮಾಣ ‘ನಮಗೋಸ್ಕರ, ನಮ್ಮ ರಕ್ಷಣೆಗೋಸ್ಕರ’ ಅಂತಷ್ಟೇ ಹೇಳುತ್ತದೆ. ಹೇಗೆ ಅನ್ನುವುದನ್ನು ಒಂದು ಸೂತ್ರಕ್ಕೆ ಕಟ್ಟಿಹಾಕಿಲ್ಲ. ನನಗಂತೂ ಈ ವಿವರಣೆಗಳಲ್ಲಿ ಒಂದನ್ನೇ ಹಿಡಿದು ಉಳಿದವನ್ನು ಹೊಡೆದುರುಳಿಸುವ ಉತ್ಸಾಹ ಇಲ್ಲ. ಪಸ್ಕ, ದೋಷಪರಿಹಾರಕ ದಿನ, ಬೋವಜ, ಯೆಶಾಯನ ಸೇವಕ, ಎಲ್ಲವನ್ನೂ ಹೊಸ ಒಡಂಬಡಿಕೆ ಒಟ್ಟಿಗೇ ಇಟ್ಟುಕೊಂಡಿದೆ.

ನಂಬಿಕೆ ಅಳೆಯುವ ವಸ್ತುವಲ್ಲ

ಇಲ್ಲಿಗೆ ಬರುವಾಗ ಹೆಚ್ಚಿನವರು ಒಂದು ಸುತ್ತು ಹಾಕಿ ವ್ಯಾಪಾರಕ್ಕೇ ಮರಳುತ್ತಾರೆ. ಬಲಿಯಿಂದ ದೇವರನ್ನು ಕೊಳ್ಳಲು ಆಗಲ್ಲ, ಸರಿ, ನಂಬಿಕೆಯಿಂದ ಕೊಳ್ಳಬಹುದು ಅಂದುಕೊಳ್ಳುತ್ತಾರೆ. ಆಮೇಲೆ ನನ್ನ ನಂಬಿಕೆ ಸಾಲದು ಅಂತ ಕೊರಗುತ್ತಾರೆ. ಪಸ್ಕದ ರಾತ್ರಿಯ ಎರಡು ಮನೆಗಳ ಪುಟ ತೆಗೆಯಲು ಹೇಳಿ. ನಡುಗುತ್ತಾ ಕೂತವರನ್ನು ಉಳಿಸಿದ್ದು ಯಾವುದು? ಅವರು ಮಾಡಿದ್ದು ಇಷ್ಟೇ: ಹೇಳಿದ ಮಾತು ನಂಬಿ ರಕ್ತ ಹಚ್ಚಿದರು, ಒಳಗೆ ಉಳಿದರು. ಮಾರ್ಕ 9:24ರಲ್ಲಿ ಕಾಯಿಲೆಯ ಮಗನನ್ನು ಯೇಸುವಿನ ಹತ್ತಿರ ತಂದ ಅಪ್ಪನ ಪ್ರಾರ್ಥನೆಯನ್ನೂ ತೋರಿಸಿ: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು. ಅವನ ಮಗ ವಾಸಿಯಾದ.

ಓದುವ ಕ್ರಮ ಹೀಗಿರಲಿ. ಮೊದಲು ಲೂಕ 18:9-14, ಎದೆ ಬಡಿದುಕೊಂಡ ಸುಂಕದವನು. ಆಮೇಲೆ ಲೂಕ 23:39-43, ಪಕ್ಕದ ಶಿಲುಬೆಯ ಅಪರಾಧಿ. ದೀಕ್ಷಾಸ್ನಾನಕ್ಕೂ ಒಳ್ಳೆ ಕೆಲಸಕ್ಕೂ ಅವನಿಗೆ ಹೊತ್ತೇ ಉಳಿದಿರಲಿಲ್ಲ. ಆಮೇಲೆ ರೋಮಾಪುರ 3:21ರಿಂದ 5:11. ಅಬ್ರಹಾಮನನ್ನು ನೀತಿವಂತನೆಂದು ಎಣಿಸಿದ್ದು ಸುನ್ನತಿಗೆ ಮುಂಚೆಯೋ ಆಮೇಲೋ ಅಂತ ಪೌಲ 4ನೇ ಅಧ್ಯಾಯದಲ್ಲಿ ಕೇಳುತ್ತಾನೆ. ಆದಿಕಾಂಡ ತೆಗೆದು ನೀವೇ ನೋಡಿ: ನಂಬಿದ್ದು 15ರಲ್ಲಿ, ಸುನ್ನತಿ 17ರಲ್ಲಿ. ಮತ್ತೆ ಅದೇ ಕ್ರಮ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ಸತ್ತನು ಅನ್ನುವ 5:8ನ್ನು ಬಾಯಿಪಾಠ ಮಾಡಿಸಿ.

ಹಾಗಾದರೆ ಹೇಗೆ ಬದುಕಿದರೂ ನಡೆಯುತ್ತಾ? ಪೌಲ ಈ ಪ್ರಶ್ನೆಯನ್ನು 6ನೇ ಅಧ್ಯಾಯದ ಬಾಗಿಲಲ್ಲೇ ಎತ್ತಿ, ಎಂದಿಗೂ ಇಲ್ಲ ಅನ್ನುತ್ತಾನೆ. ಯಾಕೋಬನ ಪತ್ರ 2:14-26 ಇನ್ನೂ ಖಡಕ್. ದೇವರು ಒಬ್ಬನೇ ಅಂತ ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ. ಬಟ್ಟೆ ಇಲ್ಲದವನಿಗೆ ಬೆಚ್ಚಗಿರು ಅಂತ ಬಾಯಿಮಾತು ಹೇಳಿ ಕಳಿಸುವ ನಂಬಿಕೆ ಸತ್ತ ನಂಬಿಕೆ. ಪೌಲನಿಗೂ ಯಾಕೋಬನಿಗೂ ಜಗಳ ಹಚ್ಚುವ ಮುಂಚೆ ಎಫೆಸ 2:8-10ನ್ನು ಪೂರ್ತಿ ಓದಿ. 8, 9ನೇ ವಚನ ಎಲ್ಲರಿಗೂ ಗೊತ್ತು: ಕೃಪೆಯಿಂದ, ನಂಬಿಕೆಯ ಮೂಲಕ, ಕೆಲಸಗಳಿಂದಲ್ಲ. 10ನ್ನು ಬಿಟ್ಟುಬಿಡುತ್ತಾರೆ. ಒಳ್ಳೆ ಕೆಲಸಗಳಿಗಾಗಿಯೇ ನಾವು ಉಂಟಾದವರು ಅಂತ ಅದು ಹೇಳುತ್ತದೆ.

ಇದೇ ವಿಷಯಕ್ಕೆ ಪಾಶ್ಚಾತ್ಯ ಸಭೆ ಒಡೆದಿತ್ತು. 1517ರಲ್ಲಿ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರನ ವಾದ ಶುರುವಾಯಿತು, 1547ರಲ್ಲಿ ಟ್ರೆಂಟ್ ಸಭಾಕೂಟ ಕಥೋಲಿಕ ಸಭೆಯ ಉತ್ತರ ಕೊಟ್ಟಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ ಸೇರಿ ಒಂದು ಹೇಳಿಕೆಗೆ ಸಹಿ ಹಾಕಿದವು. ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ ಮಾತ್ರ, ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ ಅಂತ ಇಬ್ಬರೂ ಒಪ್ಪಿದರು. ಎಲ್ಲ ಭೇದವೂ ಮುಗಿಯಿತು ಅಂತಲ್ಲ. ಬೇರೆ ಸಭೆಯಿಂದ ಬಂದವರು ನಿಮ್ಮ ಗುಂಪಿನಲ್ಲಿದ್ದರೆ ಇದನ್ನು ಹೇಳಿ, ಅನಗತ್ಯ ವಾದ ಕಡಿಮೆಯಾಗುತ್ತದೆ.

ಕೊನೆಗೆ ಓದಬೇಕಾದ್ದು ಎರಡು. ರೋಮಾಪುರ 12:1, ನಿಮ್ಮ ದೇಹಗಳನ್ನೇ ಸಜೀವ ಯಜ್ಞವಾಗಿ ಕೊಡಿ. ಇಬ್ರಿಯ 13:15-16, ಸ್ತುತಿಯೂ ಒಂದು ಯಜ್ಞ, ಇದ್ದದ್ದನ್ನು ಹಂಚಿಕೊಳ್ಳುವುದೂ ಒಂದು ಯಜ್ಞ. ನೋಟ್‌ಬುಕ್‌ನಲ್ಲಿ ಮೊದಲನೇ ಸಲ ‘ನಾನು’ ಅಂತ ಬರೆಯುವುದು ಇಲ್ಲಿ. ಈ ಎರಡನ್ನು ಪಾಠದ ಶುರುವಿಗೆ ಇಡಬೇಡಿ. ಶುರುವಲ್ಲೇ ಓದಿದವರು ಮತ್ತೆ ದೇವರಿಗೆ ಎಷ್ಟು ಕೊಟ್ಟರೆ ಸಾಕು ಅಂತ ಲೆಕ್ಕ ಹಾಕಲು ಕೂರುತ್ತಾರೆ.